ಮೊದಲ ಮೆಟ್ಟಿಲು 214, ಕೊನೆಯದು 154

"ಕೊನೇ ಮೆಟ್ಟಿಲಲ್ಲಿ ಅಡ್ಜಸ್ಟ್ ಮಾಡೋಣ ಬಿಡಿ."

ಗೋಣಿಕೊಪ್ಪದ ಹತ್ತಿರ ನಮ್ಮ ಹೊಸ ಮನೆ ಏಳುತ್ತಿದ್ದಾಗ ಮೇಸ್ತ್ರಿ ಹೇಳಿದ ಮಾತಿದು. ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮೊದಲು ಮೆಟ್ಟಿಲಿಗೆ ಕಾಂಕ್ರೀಟ್ ಬೀಳಲೇಬೇಕು ಎನ್ನುವ ಗಡಿಬಿಡಿ. ಆದರೆ ನನಗೆ ಆ ಮಾತು ಕೇಳಿ ಎದೆ ಧಸಕ್ಕೆಂದಿತು. ಯಾಕೆಂದರೆ ಪಕ್ಕದ ಸ್ಟೋರ್ ರೂಮಿನ ತಾರಸಿಗೆ ಹೋಗುವ ಮೆಟ್ಟಿಲನ್ನು ಅದೇ ರೀತಿ ಅಡ್ಜಸ್ಟ್ ಮಾಡಿ ಮುಗಿಸಿದ್ದರು. ಹತ್ತಿದವರೆಲ್ಲ ಕೊನೆಯದರಲ್ಲೇ ಎಡವುತ್ತಿದ್ದರು. ಟೇಪ್ ಹಿಡಿದು ನೋಡಿದರೆ ಉಳಿದವೆಲ್ಲ ಸುಮಾರು 175 ಮಿಲಿಮೀಟರ್ ಎತ್ತರ, ಕೊನೆಯದು 198. ಒಂದು ಇಂಚೂ ಪೂರ್ತಿ ಇಲ್ಲದ ವ್ಯತ್ಯಾಸ.

ಅಷ್ಟಕ್ಕೇ ಎಡವುತ್ತೇವಾ? ಹೌದು. ಮೆಟ್ಟಿಲು ಹತ್ತುವಾಗ ನಾವು ಪ್ರತಿ ಸಲ ಕೆಳಗೆ ನೋಡುವುದಿಲ್ಲ. ಮೊದಲ ಎರಡು ಮೂರು ಮೆಟ್ಟಿಲಲ್ಲಿ ಕಣ್ಣು, ಕಾಲು ಸೇರಿ ಎತ್ತರವನ್ನು ಅಳೆದುಕೊಳ್ಳುತ್ತವೆ. ಆಮೇಲೆ ಮಿದುಳು ಅದೇ ಲೆಕ್ಕವನ್ನು ಮುಂದುವರಿಸುತ್ತದೆ. ಕಾಲು ಬೇಕಾದಷ್ಟೇ ಏಳುತ್ತದೆ, ಜಾಸ್ತಿ ಎತ್ತಿದರೆ ಸುಮ್ನೆ ಶಕ್ತಿ ದಂಡ. ಹೆಬ್ಬೆರಳು ಮೆಟ್ಟಿಲಿನ ಅಂಚನ್ನು ದಾಟುವಾಗ ನಡುವೆ ಉಳಿಯುವ ಜಾಗ ಎಷ್ಟೋ ಸಲ ಒಂದೆರಡು ಸೆಂಟಿಮೀಟರ್ ಮಾತ್ರ. ಇಳಿಯುವಾಗ ಇನ್ನೂ ಕಷ್ಟ. ನೆಲ ಇಲ್ಲಿ ಸಿಗುತ್ತದೆ ಎಂದು ಮೈಭಾರ ಬಿಟ್ಟಿರುತ್ತೇವೆ, ಅಲ್ಲಿ ನೆಲವೇ ಇರುವುದಿಲ್ಲ.

ಬೆಟ್ಟ ಹತ್ತುವವರನ್ನು ಗಮನಿಸಿ. ಬೆಟ್ಟದ ಮೆಟ್ಟಿಲನ್ನು ಯಾರೂ ನಂಬುವುದಿಲ್ಲ, ತಲೆ ತಗ್ಗಿಸಿ ನೋಡಿಕೊಂಡೇ ಹೆಜ್ಜೆ ಇಡುತ್ತಾರೆ. ಅಪಾಯ ಇರುವುದು ಸಮವಾಗಿರುವಂತೆ ಕಾಣುವ ಮೆಟ್ಟಿಲಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 36ನೇ ಬೀದಿಯ ಸಬ್‌ವೇ ನಿಲ್ದಾಣದ ಒಂದು ಮೆಟ್ಟಿಲು ಉಳಿದವಕ್ಕಿಂತ ಸ್ವಲ್ಪವೇ ಎತ್ತರ ಇತ್ತು. 2012ರಲ್ಲಿ ಒಬ್ಬರು ಅಲ್ಲಿ ಕ್ಯಾಮೆರಾ ಹಿಡಿದರು. ಒಬ್ಬರಾದ ಮೇಲೆ ಒಬ್ಬರು ಅದೇ ಮೆಟ್ಟಿಲಲ್ಲಿ ಮುಗ್ಗರಿಸುವ ಆ ವಿಡಿಯೋ ಹರಡಿದ ಮೇಲೆ ಅದು ರಿಪೇರಿಯಾಯಿತು. ಒಂದೇ ಸಾಲಿನ ಅತಿ ಎತ್ತರದ ಮೆಟ್ಟಿಲಿಗೂ ಅತಿ ಗಿಡ್ಡದಕ್ಕೂ 9.5 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಎನ್ನುತ್ತದೆ ಅಮೆರಿಕದ ಮಾದರಿ ಕಟ್ಟಡ ನಿಯಮ. ನಮ್ಮ ತಾರಸಿ ಮೆಟ್ಟಿಲಲ್ಲಿ 23 ಇತ್ತು.

ಈಗ ತಪ್ಪು ಎಲ್ಲಿ ಆಗುತ್ತದೆ ನೋಡೋಣ. ನಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಕೆಳಗಿನ ಬರೀ ಕಾಂಕ್ರೀಟ್ ನೆಲದಿಂದ ಮೇಲಿನ ಬರೀ ಸ್ಲ್ಯಾಬ್‌ಗೆ 3150 ಮಿಲಿಮೀಟರ್. 18ರಿಂದ ಭಾಗಿಸಿದರೆ ಸರಿಯಾಗಿ 175. ಎಷ್ಟು ಚೆಂದದ ಲೆಕ್ಕ ಅಲ್ವಾ? ಎಲ್ಲ ಮೆಟ್ಟಿಲಿಗೂ 175 ಕೊಟ್ಟು ಕಾಂಕ್ರೀಟ್ ಹಾಕಿದರೆ ಕಣ್ಣಿಗೂ ಸಮ, ಟೇಪಿಗೂ ಸಮ.

ಆಮೇಲೆ ಟೈಲ್ಸ್‌ನವರು ಬರುತ್ತಾರೆ. ಕೆಳಗಿನ ನೆಲಕ್ಕೆ ಬೆಡ್ (ಟೈಲ್ಸ್ ಅಡಿಯ ಹಾಸು), ಟೈಲ್ಸ್ ಎಲ್ಲ ಸೇರಿ 80 ಮಿಲಿಮೀಟರ್ ಏರುತ್ತದೆ. ಮೆಟ್ಟಿಲಿನ ಮೇಲೆ ಗಾರೆ 20, ಗ್ರಾನೈಟ್ 20, ಒಟ್ಟು 40. ಮೇಲಿನ ನೆಲಕ್ಕೆ 60. ನಡುವಿನ ಮೆಟ್ಟಿಲುಗಳೆಲ್ಲ ಒಟ್ಟಿಗೇ 40 ಏರುವುದರಿಂದ ಅವುಗಳ ಎತ್ತರ 175 ಆಗಿಯೇ ಉಳಿಯುತ್ತದೆ. ಆದರೆ ಮೊದಲ ಮೆಟ್ಟಿಲು 40 ಏರುವಾಗ ಅದರ ಬುಡದ ನೆಲ 80 ಏರಿತು. ಉಳಿದದ್ದು 135. ಕೊನೆಯಲ್ಲಿ ಮೇಲಿನ ನೆಲ 60 ಏರಿತು, ಕೆಳಗಿನ ಮೆಟ್ಟಿಲು 40 ಮಾತ್ರ. ಅದು 195 ಆಯಿತು. ಮೇಸ್ತ್ರಿ ಅಳೆದದ್ದರಲ್ಲಿ ಏನೂ ತಪ್ಪಿಲ್ಲ. ನಾವು ಎಂದೂ ಕಾಲಿಡದ ನೆಲವನ್ನು ಅಳೆದರು, ಅಷ್ಟೇ.

ಹಾಗಾಗಿ ಟೈಲ್ಸ್ ಮುಗಿದ ಮೇಲಿನ ನೆಲಗಳ ನಡುವಿನ ಎತ್ತರ ಹಿಡಿಯಬೇಕು. ನಮ್ಮದು 3130. 18ರಿಂದ ಭಾಗಿಸಿದರೆ 174ಕ್ಕೆ ಕೂದಲೆಳೆಯಷ್ಟು ಕಡಿಮೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕಾಂಕ್ರೀಟ್ ಮೆಟ್ಟಿಲು ಹೀಗಿರಬೇಕು: ಮೊದಲನೆಯದು 214, ನಡುವಿನವು 174, ಕೊನೆಯದು 154. ಗ್ರಾನೈಟ್ ಕೂತ ಮೇಲೆ ಸಮ ಬರಬೇಕಾದರೆ ಕಾಂಕ್ರೀಟಿನಲ್ಲಿ ಏರುಪೇರು ಇರಲೇಬೇಕು! ಈ ಚೀಟಿ ಕೊಟ್ಟಾಗ ಮೇಸ್ತ್ರಿ ನನ್ನ ಮುಖವನ್ನು ಒಂದು ಥರ ನೋಡಿದರು. ಒಪ್ಪಿಸಲು ಎರಡು ಲೋಟ ಕಾಫಿ ಬೇಕಾಯಿತು.

174 ಏನೂ ಮಾಂತ್ರಿಕ ಸಂಖ್ಯೆಯಲ್ಲ. ಮನೆಗಳಿಗೆ 190ರವರೆಗೆ ಎತ್ತರ, ಕಾಲಿಡುವ ಜಾಗ ಕಡಿಮೆ ಎಂದರೂ 250 ಅಗಲ ಎನ್ನುತ್ತದೆ ನಮ್ಮ ದೇಶದ ಕಟ್ಟಡ ಸಂಹಿತೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಬ್ಲಾಂಡೆಲ್ ಇನ್ನೊಂದು ಸೂತ್ರ ಕೊಟ್ಟ. ಎರಡು ಎತ್ತರ, ಒಂದು ಅಗಲ ಕೂಡಿದರೆ ಒಂದು ಹೆಜ್ಜೆಯ ಉದ್ದ ಬರಬೇಕು. ಇವತ್ತು ಸುಮಾರು 600ರಿಂದ 650 ಮಿಲಿಮೀಟರ್ ಹಿಡಿಯುತ್ತಾರೆ. ನಮ್ಮದು 270 ಅಗಲಕ್ಕೆ 618. ಮೆಟ್ಟಿಲ ಸಂಖ್ಯೆ ಬೆಸ ಇರಬೇಕು ಎಂದು ಅತ್ತೆಯವರ ಹಠ. 18 ಏರು ಇದ್ದರೂ ಕಾಲಿಡುವ ಹಲಗೆ 17 ಮಾತ್ರ, ಹದಿನೆಂಟನೆಯದು ಮೇಲಿನ ನೆಲವೇ. ವಾಸ್ತುವೂ ಬಚಾವ್.

ಗುರುತು ಹಾಕುವುದರಲ್ಲಿ ಇನ್ನೊಂದು ಮೋಸ ಇದೆ. ಒಂದು ಕಡ್ಡಿ ಕತ್ತರಿಸಿ, ಒಂದು ಮೆಟ್ಟಿಲ ಮೇಲೆ ಇನ್ನೊಂದಕ್ಕೆ ಇಟ್ಟು ಅಳೆಯುತ್ತಾ ಹೋಗುವುದು ರೂಢಿ. ಕಡ್ಡಿ 2 ಮಿಲಿಮೀಟರ್ ಗಿಡ್ಡ ಇದ್ದರೆ, ಹದಿನೇಳು ಸಲ ಇಟ್ಟಾಗ 34 ಮಿಲಿಮೀಟರ್ ಬಾಕಿ ಉಳಿಯುತ್ತದೆ. ಆ ಸಾಲವೆಲ್ಲ ಬೀಳುವುದು ಕೊನೆಯ ಮೆಟ್ಟಿಲಿನ ತಲೆಗೆ. ಅದರ ಬದಲು ಎಲ್ಲವನ್ನೂ ಒಂದೇ ಬುಡದಿಂದ, ಅಂದರೆ ಟೈಲ್ಸ್ ಮುಗಿದಾಗ ಬರುವ ನೆಲದ ಮಟ್ಟದಿಂದ, ಗೋಡೆಯ ಮೇಲೆ ಗುರುತು ಮಾಡಿದೆವು. 174, 348, 522 ಹೀಗೆ. ಆಗ ಒಂದು ಗೆರೆ ತಪ್ಪಿದರೆ ಅದರ ಅಕ್ಕಪಕ್ಕದವು ಮಾತ್ರ ಕೆಡುತ್ತವೆ. ಮುಗಿದ ನೆಲದ ಮಟ್ಟವನ್ನು ಕೋಣೆಯಿಂದ ಕೋಣೆಗೆ ಒಯ್ಯಲು ನೀರು ತುಂಬಿದ ಲೆವೆಲ್ ಪೈಪ್ ಸಾಕು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಮಾತ್ರ ನಂಬಬೇಡಿ.

ಕಾಂಕ್ರೀಟ್ ಹಾಕುವ ದಿನ ನನಗೆ ಭಯ ಇದ್ದದ್ದು ಅಚ್ಚನ್ನು ಕೆಳಗಿನಿಂದ ಹೊತ್ತು ನಿಲ್ಲುವ ಊರುಗೋಲುಗಳದ್ದು. ನಮ್ಮಲ್ಲಿ ತೋಟದ ಸಿಲ್ವರ್ ಓಕ್ ಕಂಬವನ್ನೇ ಆಸರೆಗೆ ಕೊಡುತ್ತಾರೆ. ಕಾಂಕ್ರೀಟ್ ಒಂದು ಘನ ಮೀಟರ್‌ಗೆ 2400 ಕಿಲೋ ಹತ್ತಿರ ತೂಗುತ್ತದೆ. ಮುಂಗಾರುಪೂರ್ವ ಮಳೆಗೆ ನೆನೆದ ಹೊಸ ಮಣ್ಣಿನ ಮೇಲೆ ಕಂಬ ನಿಂತಿದ್ದರೆ, ಅದು ಸದ್ದಿಲ್ಲದೆ ಒಂದೆರಡು ಸೆಂಟಿಮೀಟರ್ ಕುಸಿದೀತು. ಪ್ರತಿ ಕಂಬದ ಕೆಳಗೂ ದಪ್ಪ ಹಲಗೆ ಹಾಕಿಸಿದೆ. ಭಾರ ಅಗಲಕ್ಕೆ ಹರಡಿತು. ಕಾಂಕ್ರೀಟನ್ನು ಕೆಳಗಿನ ಮೆಟ್ಟಿಲಿಂದ ಮೇಲಕ್ಕೆ, ಗಟ್ಟಿಯಾಗಿಯೇ ಕಲಸಿ ಹಾಕಿದರು. ನೀರು ಜಾಸ್ತಿಯಾದರೆ ಮೇಲಿನದು ಜಾರಿ ಬಂದು ಕೆಳಗಿನ ಮೆಟ್ಟಿಲನ್ನು ಉಬ್ಬಿಸುತ್ತದೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಅತಿಯಾದರೂ ಅದೇ ಕತೆ.

ಸೆಂಟ್ರಿಂಗ್ (ಕಾಂಕ್ರೀಟಿಗೆ ಕಟ್ಟಿದ ಅಚ್ಚು) ಬಿಚ್ಚಿದಾಗ ಮೂರನೆಯದು 6 ಮಿಲಿಮೀಟರ್ ಮೇಲೆ ನಿಂತಿತ್ತು. ಗ್ರಾನೈಟಿನ ಅಡಿ ಗಾರೆ ಅಷ್ಟು ತೆಳುವಾಗಿ ಹಾಕಿ ಸರಿ ಮಾಡಿದರು. ಎಲ್ಲ ಮುಗಿದ ಮೇಲೆ ಅಳೆದರೆ ಅತಿ ಗಿಡ್ಡದ್ದು 172, ಅತಿ ಎತ್ತರದ್ದು 176. ಮೇಸ್ತ್ರಿ ಮೂರು ಸಲ ಹತ್ತಿ ಇಳಿದು, ಏನೂ ಹೇಳದೆ ಟೇಪ್ ಸುತ್ತಿಕೊಂಡರು.

ಸ್ಟೋರ್ ತಾರಸಿಯ ಮೆಟ್ಟಿಲು ಹಾಗೇ ಇದೆ. ಕರಿಮೆಣಸು ಒಣಗಿಸಲು ಬುಟ್ಟಿ ಹೊತ್ತು ಹತ್ತುವವರಿಗೆ ಕಾಣಲಿ ಎಂದು ಆ 198ರ ಅಂಚಿಗೆ ಹಳದಿ ಪೇಂಟ್ ಬಳಿದಿದ್ದೇವೆ.