641 ಮನೆಯ ಬೀದಿಯಲ್ಲಿ 4294967297

ಪರಿಚಯದವರೊಬ್ಬರು ಹೊಸ ಕಾರಿಗೆ ಕೂಡಿದ್ರೆ 5 ಬರೋ ನಂಬರೇ ಆಗ್ಬೇಕು, ಅದು ಬುಧನ ಸಂಖ್ಯೆ, ವ್ಯಾಪಾರಕ್ಕೆ ಒಳ್ಳೇದು ಅಂತ ಜಾಸ್ತಿ ದುಡ್ಡು ಕಟ್ಟಿ ತಗೊಂಡ್ರು. ನನಗೆ ನಿಜವಾಗ್ಲೂ ಬೇಜಾರಾಯ್ತು. ಅಂಕಿಗಳನ್ನ ಕೂಡ್ತಾ ಹೋದ್ರೆ ಸಿಗೋದು 9ರಿಂದ ಭಾಗಿಸಿದಾಗ ಉಳಿಯೋ ಶೇಷ (ಶೇಷ ಸೊನ್ನೆ ಆದ್ರೆ 9), ಅಷ್ಟೇ. 4294967297 ತಗೊಳ್ಳಿ, ಕೂಡಿದ್ರೆ 59, ಮತ್ತೆ ಕೂಡಿದ್ರೆ 14, ಕೊನೆಗೆ 5. ಇದನ್ನೂ ಬುಧನ ಲೆಕ್ಕಕ್ಕೆ ಹಾಕ್ಬಿಟ್ರೆ ಇದರೊಳಗಿರೋ ಚಂದ ಕಾಣೋದೇ ಇಲ್ಲ.

32 ಎರಡುಗಳನ್ನ ಗುಣಿಸಿ 1 ಸೇರಿಸಿದ್ರೆ ಈ ಸಂಖ್ಯೆ ಬರುತ್ತೆ. ಬೈನರಿಯಲ್ಲಿ, ಅಂದ್ರೆ 0 ಮತ್ತು 1 ಎರಡೇ ಅಂಕಿಯಲ್ಲಿ ಬರೆದ್ರೆ ಆ ತುದಿಗೊಂದು 1, ಈ ತುದಿಗೊಂದು 1, ಮಧ್ಯೆ 31 ಸೊನ್ನೆ. 32ರ ಬದಲು 1, 2, 4, 8, 16 ಎರಡುಗಳನ್ನ ಇಟ್ಟು ಹೀಗೇ ಮಾಡಿದ್ರೆ ಇದಕ್ಕಿಂತ ಮುಂಚಿನ ಅಣ್ಣಂದಿರು 3, 5, 17, 257, 65537, ಐದೂ ಅವಿಭಾಜ್ಯ, ಅಂದ್ರೆ 1 ಮತ್ತು ತಮ್ಮಿಂದ ಬಿಟ್ರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗ ಆಗಲ್ಲ. ಅದನ್ನ ನೋಡಿ 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಈ ಸಾಲಿನಲ್ಲಿ ಬರೋದೆಲ್ಲ ಅವಿಭಾಜ್ಯವೇ ಅಂತ ನಂಬಿದ್ದ, ಅದಕ್ಕೆ ಪುರಾವೆ ಮಾತ್ರ ಇರ್ಲಿಲ್ಲ. 1729ರಲ್ಲಿ ಇನ್ನೊಬ್ಬ ಗಣಿತಜ್ಞ ಗೋಲ್ಡ್‌ಬಾಖ್ ಗಣಿತಜ್ಞ ಆಯ್ಲರ್‌ಗೆ ಕಾಗದ ಬರೆದು ಇದರ ಬಗ್ಗೆ ಕೇಳಿದ, ಮೂರು ವರ್ಷಕ್ಕೆ ಆಯ್ಲರ್ ಹೇಳಿದ: ಇದು 641 ಗುಣಿಸು 6700417.

641 ಯಾಕೆ? ನನಗೆ ಹುಚ್ಚು ಹಿಡಿಸಿದ್ದು ಇದೇ. ಗುಂಡಗೆ ಸುತ್ತೋ ಒಂದು ಬೀದಿ, 0ಯಿಂದ 640ರವರೆಗೆ 641 ಮನೆ ಅಂದ್ಕೊಳ್ಳಿ. ಎಷ್ಟೇ ದೊಡ್ಡ ಸಂಖ್ಯೆ ಆದ್ರೂ ಸುತ್ತಿ ಸುತ್ತಿ ಒಂದು ಮನೆ ಬಾಗಿಲಿಗೇ ಬಂದು ನಿಲ್ಲುತ್ತೆ, ಇವತ್ತಿಂದ 100 ದಿನಕ್ಕೆ ಯಾವ ವಾರ ಅಂತ ಲೆಕ್ಕ ಹಾಕ್ತೀವಲ್ಲ ಹಾಗೆ. 640ನೇ ಮನೆ ಅಂದ್ರೆ ಸೊನ್ನೆಯಿಂದ ಒಂದು ಹೆಜ್ಜೆ ಹಿಂದೆ, ಅಂದ್ರೆ ಮೈನಸ್ 1. ಈಗ 640 ಅಂದ್ರೆ 5 ಗುಣಿಸು 128, ಅಂದ್ರೆ ಒಂದು 5, ಏಳು 2. ನಾಲ್ಕು 640 ಗುಣಿಸಿದ್ರೆ ಮೈನಸ್‌ಗಳೆಲ್ಲ ಹೊಡೆದುಹೋಗಿ 1ನೇ ಮನೆ. ಅದನ್ನೇ ಬಿಡಿಸಿ ಬರೆದ್ರೆ 625 ಗುಣಿಸು ಇಪ್ಪತ್ತೆಂಟು 2. ಇಲ್ಲಿದೆ ನೋಡಿ ಮಜಾ, 625 ಮತ್ತು 16 ಕೂಡಿದ್ರೆ ಸರಿಯಾಗಿ 641, ಹಾಗಾಗಿ 625ರ ಜಾಗದಲ್ಲಿ ಮೈನಸ್ 16 ಇಡಬಹುದು, 16 ಅಂದ್ರೆ ನಾಲ್ಕು 2, ಇಪ್ಪತ್ತೆಂಟಕ್ಕೆ ನಾಲ್ಕು ಸೇರಿ ಮೂವತ್ತೆರಡು! ಮೂವತ್ತೆರಡು 2ರ ಗುಣಲಬ್ಧಕ್ಕೆ ಮೈನಸ್ ಹಾಕಿದ್ರೆ 1ನೇ ಮನೆ, ಹಾಕದಿದ್ರೆ ಮೈನಸ್ 1, ಅದಕ್ಕೆ 1 ಸೇರಿಸಿದ್ರೆ ಸೊನ್ನೆ. ಶೇಷ ಇಲ್ಲ. ಪೇಪರ್ ಪೆನ್ನು ತಗೊಂಡು ಒಂದ್ಸಲ ಮಾಡಿ ನೋಡಿ, ದೊಡ್ಡ ಭಾಗಾಕಾರ ಒಂದೂ ಬೇಡ.

ಹುಡುಕೋದಕ್ಕೂ ಆಯ್ಲರ್ ದಾರಿ ತೋರಿಸಿದ. ಇದನ್ನ ಭಾಗಿಸೋ ಯಾವ ಅವಿಭಾಜ್ಯ ಸಂಖ್ಯೆಯನ್ನೇ ಆಗ್ಲಿ 64ರಿಂದ ಭಾಗಿಸಿದ್ರೆ 1 ಉಳಿಯಲೇಬೇಕು. ಅಂಥವು 193, 257, 449, 577, ಆಮೇಲೆ 641. ಐದನೇ ಪ್ರಯತ್ನಕ್ಕೇ ಸಿಕ್ಕಿಬೀಳುತ್ತೆ.

ಇನ್ನೊಂದು ವಿಷ್ಯ, ಅವಿಭಾಜ್ಯವಾ ಅಂತ ನೋಡೋಕೆ ಫರ್ಮಾನದೇ ಪ್ರಮೇಯದಿಂದ ಒಂದು ಪರೀಕ್ಷೆ ಇದೆ. ಒಂದು ಚಿಕ್ಕ ಸಂಖ್ಯೆಯನ್ನ, ಪರೀಕ್ಷೆ ಮಾಡೋ ಸಂಖ್ಯೆಗಿಂತ ಒಂದು ಕಮ್ಮಿ ಸಲ ಬರೆದು ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದಾಗ 1 ಉಳಿದ್ರೆ ಪಾಸು. ಅದರಲ್ಲಿ 2 ಇಟ್ಟು ನೋಡಿದ್ರೆ ಈ ಸಂಖ್ಯೆ ಪಾಸು, 3 ಇಟ್ರೆ ಫೇಲು. ಅದಕ್ಕೇ ಇದನ್ನ 2ರ ಮಟ್ಟಿಗೆ ಹುಸಿ ಅವಿಭಾಜ್ಯ ಅಂತ ವರ್ಗ ಮಾಡ್ತಾರೆ. ಇದರ ಮುಂದಿನ ತಮ್ಮಂದಿರಲ್ಲಿ 2ರ ಘಾತ, ಅಂದ್ರೆ ಗುಣಿಸೋ ಎರಡುಗಳ ಎಣಿಕೆ, 64, 128, 256 ಅಂತ ದುಪ್ಪಟ್ಟಾಗ್ತಾ ಹೋಗುತ್ತೆ, ಇವತ್ತಿನವರೆಗೆ ಅವರಲ್ಲಿ ಒಂದೇ ಒಂದು ಅವಿಭಾಜ್ಯವೂ ಸಿಕ್ಕಿಲ್ಲ.