ಲ್ಯಾಂಡ್ ಟ್ರಸ್ಟ್ ಅಂದರೇನು?

ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಯಾವುದೋ ಸೈಟು ಮಾರುವ ಕಂಪನಿ ಅನ್ನಿಸಬಹುದು. ಅಮೆರಿಕದ ಲ್ಯಾಂಡ್ ಟ್ರಸ್ಟ್‌ಗಳ ಕೆಲಸ ಅದಕ್ಕೆ ತದ್ವಿರುದ್ಧ. ಕಾಡು ಕಾಡಾಗಿಯೇ, ಹೊಲ ಹೊಲವಾಗಿಯೇ ಉಳಿಯಲಿ, ಸೈಟಾಗುವುದು ಬೇಡ ಎಂದು ನೋಡಿಕೊಳ್ಳುವ ಖಾಸಗಿ ಸಂಸ್ಥೆ ಅದು. ಲಾಭದ ಉದ್ದೇಶವಿಲ್ಲ, ಸರ್ಕಾರದ ಇಲಾಖೆಯೂ ಅಲ್ಲ. ಎಷ್ಟೋ ಕಡೆ ಊರಿನ ಕೆಲವು ಜನ ಸೇರಿ ಕಟ್ಟಿಕೊಂಡಿದ್ದು.

ಇದು ಶುರುವಾಗಿದ್ದು ಬಾಸ್ಟನ್ ಸುತ್ತಮುತ್ತ. ಚಾರ್ಲ್ಸ್ ಎಲಿಯಟ್ ಎಂಬ ಉದ್ಯಾನ ವಿನ್ಯಾಸಕ, ಗ್ರಂಥಾಲಯ ಜನರಿಗಾಗಿ ಪುಸ್ತಕ ಇಟ್ಟುಕೊಳ್ಳುವಂತೆ ಒಂದು ಸಂಸ್ಥೆ ಜನರಿಗಾಗಿ ಜಮೀನು ಇಟ್ಟುಕೊಳ್ಳಬೇಕು ಎಂದು 1890ರಲ್ಲಿ ಬರೆದ. ಮರುವರ್ಷವೇ ಮ್ಯಾಸಚೂಸೆಟ್ಸ್‌ನಲ್ಲಿ ಅಂಥ ಸಂಸ್ಥೆ ಹುಟ್ಟಿತು. 1897ರಲ್ಲಿ, ಇನ್ನೂ 37 ವಯಸ್ಸಿಗೇ, ಆತ ತೀರಿಕೊಂಡ. ಸಂಸ್ಥೆ ಇವತ್ತಿಗೂ ಇದೆ. ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಶುರುವಾಗಿದ್ದು ಇದಾದ ಮೇಲೆ, 1895ರಲ್ಲಿ.

ಜಮೀನು ಉಳಿಸಲು ಟ್ರಸ್ಟ್‌ಗೆ ಎರಡು ದಾರಿ. ಒಂದು, ಕೊಂಡುಕೊಳ್ಳುವುದು ಇಲ್ಲವೇ ದಾನ ಪಡೆಯುವುದು. ಇದರಲ್ಲಿ ಹೇಳುವಂಥದ್ದೇನೂ ಇಲ್ಲ. ಇನ್ನೊಂದು ಕನ್ಸರ್ವೇಶನ್ ಈಸ್ಮೆಂಟ್. ಲ್ಯಾಂಡ್ ಟ್ರಸ್ಟ್ ಅರ್ಥವಾಗಬೇಕಾದರೆ ಇದು ಅರ್ಥವಾಗಬೇಕು.

ಜಮೀನಿನ ಒಡೆಯನಿಗೆ ಹಲವು ಹಕ್ಕುಗಳಿರುತ್ತವೆ: ಉಳುವುದು, ಮೇಯಿಸುವುದು, ಮಾರುವುದು, ಮಕ್ಕಳಿಗೆ ಬರೆಯುವುದು, ತುಂಡು ಮಾಡಿ ಲೇಔಟ್ ಎಬ್ಬಿಸುವುದು. ಇದರಲ್ಲಿ ಕೊನೆಯ ಹಕ್ಕನ್ನು ಮಾತ್ರ ಆತ ಟ್ರಸ್ಟ್‌ಗೆ ಬರೆದುಕೊಡುತ್ತಾನೆ. ಉಳಿದದ್ದೆಲ್ಲ ಅವನದೇ. ಈ ಕರಾರೇ ಕನ್ಸರ್ವೇಶನ್ ಈಸ್ಮೆಂಟ್. ಅದರ ಪತ್ರ ನೋಂದಣಿಯಾಗುತ್ತದೆ. ಮುಂದೆ ಜಮೀನು ಯಾರ ಕೈಗೆ ಹೋದರೂ ಕರಾರು ಅದರ ಜೊತೆಗೇ ಹೋಗುತ್ತದೆ. ಲೇಔಟ್ ಮಾಡಬಹುದಾದ ಜಮೀನಿಗೂ ಮಾಡಲಾಗದ ಜಮೀನಿಗೂ ಬೆಲೆಯಲ್ಲಿ ವ್ಯತ್ಯಾಸ ಇರುತ್ತದಲ್ವಾ? ಆ ವ್ಯತ್ಯಾಸವನ್ನು ಟ್ರಸ್ಟ್ ದುಡ್ಡಾಗಿ ಕೊಡುತ್ತದೆ. ಒಡೆಯ ದಾನವಾಗಿ ಬಿಟ್ಟುಕೊಟ್ಟರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯನ್ನೇ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಜಾಗ. 1960ರ ದಶಕದಲ್ಲಿ ಅಲ್ಲಿನ ಗುಡ್ಡಗಳ ಮೇಲೆ ಮರಿನ್ಸೆಲೋ ಎಂಬ ಹೊಸ ನಗರವನ್ನೇ ಕಟ್ಟುವ ಯೋಜನೆ ಇತ್ತು. ಅದು ನಿಂತುಹೋಯಿತು, ಆದರೆ ಹಾಲಿನ ರೈತರು ಜಮೀನು ಮಾರಿ ಹೋಗುವ ಒತ್ತಡ ನಿಲ್ಲಲಿಲ್ಲ. 1980ರಲ್ಲಿ ಎಲೆನ್ ಸ್ಟ್ರಾಸ್ ಎಂಬ ಡೇರಿ ರೈತ ಮಹಿಳೆ ಮತ್ತು ಫಿಲಿಸ್ ಫೇಬರ್ ಎಂಬ ಜೀವಶಾಸ್ತ್ರಜ್ಞೆ ಸೇರಿ ಮರಿನ್ ಅಗ್ರಿಕಲ್ಚರಲ್ ಲ್ಯಾಂಡ್ ಟ್ರಸ್ಟ್ ಕಟ್ಟಿದರು. ಬರೀ ಕೃಷಿ ಭೂಮಿಗಾಗಿ ಹುಟ್ಟಿದ ಮೊದಲ ಟ್ರಸ್ಟ್ ಅದು. ಈಗ 50,000 ಎಕರೆಗೂ ಜಾಸ್ತಿ ಜಮೀನು ಅದರ ಕರಾರಿನಲ್ಲಿದೆ. ಈಸ್ಮೆಂಟ್ ದುಡ್ಡಿನಲ್ಲಿ ಅಣ್ಣತಮ್ಮಂದಿರ ಪಾಲು ಕೊಟ್ಟು ಜಮೀನನ್ನು ಒಂದೇ ತುಂಡಾಗಿ ಉಳಿಸಿಕೊಳ್ಳುವ ರೈತರೂ ಇದ್ದಾರೆ. ಆ ಕಷ್ಟ ನಮಗೇನು ಹೊಸದಲ್ಲ. ಅಂದಹಾಗೆ, ಅಲ್ಲಿನ ಕನ್ನಡಿಗರ ಫ್ರಿಜ್ಜಿನಲ್ಲಿ ಗಾಜಿನ ಬಾಟಲಿಯ ಸ್ಟ್ರಾಸ್ ಹಾಲು ಇದ್ದರೆ, ಅದು ಎಲೆನ್ ಅವರ ಮಗ ಆಲ್ಬರ್ಟ್ ಕಟ್ಟಿದ ಕಂಪನಿಯದು.

ಪತ್ರ ಬರೆಸಿಕೊಳ್ಳುವುದು ಸುಲಭದ ಭಾಗ. ಕರಾರು ಎಂದೆಂದಿಗೂ ಅಂದ ಮೇಲೆ ಕಾಯುವವರೂ ಎಂದೆಂದಿಗೂ ಬೇಕು. ಸ್ವಯಂಸೇವಕರು ಬರುವುದು ಇಲ್ಲಿ. ಕರಾರಾಗುವಾಗ ಜಮೀನಿನ ಪೂರ್ತಿ ವರದಿ ತಯಾರಾಗುತ್ತದೆ: ನಕ್ಷೆ, ಬೇಲಿ, ಹಳ್ಳ, ಕಟ್ಟಡ, ಗುರುತು ಮಾಡಿದ ಜಾಗಗಳಿಂದ ತೆಗೆದ ಫೋಟೋ. ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆನ್ನುವುದು ಟ್ರಸ್ಟ್‌ಗಳ ಒಕ್ಕೂಟ ಇಟ್ಟ ನಿಯಮ. ಸ್ವಯಂಸೇವಕರು ಆ ವರದಿ ಹಿಡಿದು ಗಡಿಯುದ್ದಕ್ಕೂ ನಡೆಯುತ್ತಾರೆ. ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೋ ತೆಗೆಯುತ್ತಾರೆ. ಪಕ್ಕದವರ ಬೇಲಿ ನಾಲ್ಕು ಹೆಜ್ಜೆ ಒಳಗೆ ಬಂದಿದೆಯಾ, ಮೂಲೆಯಲ್ಲಿ ಹಳೇ ಟೈರು ಸುರಿದಿದ್ದಾರಾ, ಹೊಸ ಶೆಡ್ಡು ಎದ್ದಿದೆಯಾ ಎಂದು ನೋಡುತ್ತಾರೆ. ಕರಾರು ಬರೆದುಕೊಟ್ಟ ಒಡೆಯನ ಜೊತೆ ಜಗಳ ಕಡಿಮೆ. ಅವನಿಂದ ಕೊಂಡವನ ಜೊತೆ ಜಾಸ್ತಿ.

ಟ್ರಸ್ಟ್‌ನ ಸ್ವಂತ ಕಾಡಿದ್ದರೆ ಕಳೆ ಕೀಳುವ ಕೆಲಸವೂ ಇರುತ್ತದೆ. ವಸಂತದಲ್ಲಿ ಗಾರ್ಲಿಕ್ ಮಸ್ಟರ್ಡ್ ಎಂಬ ಯುರೋಪಿನ ಗಿಡವನ್ನು ಬೀಜ ಕಟ್ಟುವ ಮೊದಲೇ ಬೇರು ಸಮೇತ ಕಿತ್ತು ಚೀಲಕ್ಕೆ ತುಂಬಬೇಕು. ಒಂದು ವರ್ಷ ಬಿಟ್ಟರೆ ಬಿದ್ದ ಬೀಜ ಎಷ್ಟೋ ವರ್ಷ ಮೊಳೆಯುತ್ತಲೇ ಇರುತ್ತದೆ. ನಮ್ಮ ಕಾಡಿನಲ್ಲಿ ಲಂಟಾನ ಕೊಡುವ ಕಾಟದ ಹಾಗೆ. ಆ ಲಂಟಾನ ಅಮೆರಿಕ ಖಂಡದಿಂದಲೇ ಬಂದದ್ದು, ಇರಲಿ ಬಿಡಿ.

ನಾಯಕತ್ವ ಬದಲಾಗುವಾಗ ಟ್ರಸ್ಟ್‌ಗೆ ನಿಜವಾದ ಪರೀಕ್ಷೆ. ಚಿಕ್ಕ ಟ್ರಸ್ಟ್‌ಗಳಲ್ಲಿ ಒಬ್ಬಿಬ್ಬರೇ ಹತ್ತಾರು ವರ್ಷ ಎಲ್ಲ ಹೊತ್ತಿರುತ್ತಾರೆ. ಯಾವ ರೈತನಿಗೆ ಯಾವ ಮಾತು ಕೊಟ್ಟಿದ್ದು, ಯಾವ ಗಡಿ ತಕರಾರು ಹೇಗೆ ಬಗೆಹರಿಯಿತು, ಎಲ್ಲ ಅವರ ತಲೆಯಲ್ಲಿ. ಅವರು ನಿವೃತ್ತರಾದರೆ ಹೊಸ ನಿರ್ದೇಶಕರಿಗೆ ಸಿಗುವುದು ಕಡತ ಮಾತ್ರ. ಅದೂ ಸರಿಯಿಲ್ಲದಿದ್ದರೆ ಮುಗಿಯಿತು. ಹೊಸಬರು ಎಕರೆ ಲೆಕ್ಕ ಬಿಟ್ಟು ನಡೆದಾಡುವ ದಾರಿ, ಶಾಲೆ ಮಕ್ಕಳ ಭೇಟಿಗೆ ಒತ್ತು ಕೊಡಬಹುದು. ಅದು ಅವರಿಗೆ ಬಿಟ್ಟದ್ದು. ಹಳೇ ಕರಾರು ಮಾತ್ರ ಅವರ ಇಷ್ಟಕ್ಕೆ ಬದಲಾಗುವುದಿಲ್ಲ. ಟ್ರಸ್ಟ್ ಬಾಗಿಲು ಹಾಕಿದರೂ ಈಸ್ಮೆಂಟ್ ಇನ್ನೊಂದು ಟ್ರಸ್ಟ್‌ಗೋ ಸರ್ಕಾರಿ ಸಂಸ್ಥೆಗೋ ಹೋಗಬೇಕು.

ಇದರ ಜೊತೆ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಅಂತ ಇನ್ನೊಂದು ಹೆಸರು ಕೇಳಿಬರುತ್ತದೆ. ಎರಡೂ ಬೇರೆ. ಅಲ್ಲಿ ನೆಲ ಸಮುದಾಯದ್ದು, ಮನೆ ಅಥವಾ ಬೆಳೆ ಬಳಸುವವನದು. ಬಡವರ ಕೈಯಿಂದ ನೆಲ ಜಾರದಿರಲಿ ಎನ್ನುವುದು ಉದ್ದೇಶ. 1969ರಲ್ಲಿ ಜಾರ್ಜಿಯಾದ ಲೀ ಕೌಂಟಿಯಲ್ಲಿ ನ್ಯೂ ಕಮ್ಯುನಿಟೀಸ್ ಎಂದು ಶುರುವಾದದ್ದು ಇದರ ಮೊದಲ ರೂಪ. ಕಪ್ಪು ಜನಾಂಗದ ರೈತರಿಗಾಗಿ ಸುಮಾರು 5,700 ಎಕರೆ. ಬರ ಬಂತು, ಸರ್ಕಾರದ ಸಾಲ ಹೊತ್ತಿಗೆ ಸಿಗಲಿಲ್ಲ, 1985ರಲ್ಲಿ ಜಮೀನು ಕೈತಪ್ಪಿತು. ಅದನ್ನು ಕಟ್ಟಿದವರಿಗೆ ಸ್ಫೂರ್ತಿಯಾದದ್ದರಲ್ಲಿ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. ಊರಿನ ನೆಲದ ಒಡೆತನ ಊರಿಗೇ ಎಂಬ ಆ ವಿಚಾರದ ಮೇಲೆ ದೊಡ್ಡ ಸಮ್ಮೇಳನ ನಡೆದದ್ದು ನಮ್ಮ ಮೈಸೂರಿನ ಪಕ್ಕದ ಯಲವಾಲದಲ್ಲಿ, 1957ರ ಸೆಪ್ಟೆಂಬರಿನಲ್ಲಿ. ನೆಹರೂ ಕೂಡ ಬಂದಿದ್ದರು.

ಹಾಗಾದರೆ ನಮ್ಮಲ್ಲೂ ಈಸ್ಮೆಂಟ್ ಬರೆಸಬಹುದಾ? 1882ರ ನಮ್ಮ ಈಸ್ಮೆಂಟ್ ಕಾಯ್ದೆಯಲ್ಲಿ ಇಂಥ ಹಕ್ಕು ಇರುವುದು ಇನ್ನೊಂದು ಜಮೀನಿನ ಒಡೆಯನಿಗೆ ಮಾತ್ರ. ಹಿಂದಿನ ಹೊಲದವನಿಗೆ ಬಂಡಿ ದಾರಿ ಬಿಡುವುದು ಆ ಲೆಕ್ಕದ್ದು. ಪಕ್ಕದಲ್ಲಿ ಜಮೀನೇ ಇಲ್ಲದ ಟ್ರಸ್ಟ್‌ಗೆ ಅದು ಒಪ್ಪುವುದಿಲ್ಲ. ಹತ್ತಿರದ್ದು ಅಂದರೆ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಸಮುದಾಯ ಮೀಸಲು, ಅಂದರೆ ಜನರ ಸ್ವಂತ ನೆಲವನ್ನೇ ಅವರ ಒಪ್ಪಿಗೆಯಿಂದ ಸಂರಕ್ಷಿತ ಎಂದು ಘೋಷಿಸುವುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗಾಯಿತು. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಸೆ ಮರಗಳಲ್ಲಿ ಹಲವು ರೈತರ ಸ್ವಂತದ್ದು. ಹಕ್ಕಿ ಇದ್ದಾಗ ಹಣ್ಣು ಬಡಿಯುವಂತಿಲ್ಲ, ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತಾ ಬಂದಿದೆ. ಮರ ರೈತನದೇ, ಒಂದು ಹಕ್ಕು ಮಾತ್ರ ಬಿಟ್ಟಂತೆ. ಆದರೆ ಸಮುದಾಯ ಮೀಸಲಿನಲ್ಲಿ ಅದನ್ನು ನೋಡಿಕೊಳ್ಳುವ ಸಮಿತಿ ಠರಾವು ಮಾಡಿ, ರಾಜ್ಯ ಸರ್ಕಾರ ಒಪ್ಪಿದರೆ ನೆಲದ ಬಳಕೆ ಬದಲಾಯಿಸಬಹುದು. ಮರಿನ್‌ನ ಕರಾರನ್ನು ಅಷ್ಟು ಸುಲಭವಾಗಿ ಬಿಚ್ಚಲಾಗುವುದಿಲ್ಲ.