ತೊರೆ ಚಿಕ್ಕದು, ದಂಡೆ ಆಳೆತ್ತರ: ಏಕೆ?

ಪ್ರಶ್ನೆ: ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಸಮೀಪ. ಮನೆಯ ಹಿಂದಿನ ತೊರೆಯಲ್ಲಿ ಮೊಣಕಾಲುದ್ದ ನೀರಿದ್ದರೆ ಹೆಚ್ಚು. ದಂಡೆ ಮಾತ್ರ ಆಳೆತ್ತರ, ಗೋಡೆಯಂತೆ ನೆಟ್ಟಗಿದೆ. ಇಷ್ಟು ಸಣ್ಣ ತೊರೆ ಇಷ್ಟು ಆಳ ಕೊರೆದದ್ದು ಹೇಗೆ?

ಉತ್ತರ: ತೊರೆ ಕೊರೆದಿರುವುದು ಬಹುಶಃ ಹಳೆಯ ಗಿರಣಿಯೊಂದರ ಕಟ್ಟೆಯಲ್ಲಿ ತುಂಬಿದ್ದ ಹೂಳನ್ನು.

17ನೆಯ ಶತಮಾನದ ಕೊನೆಯಿಂದ ಯುರೋಪಿನ ವಲಸಿಗರು ಈ ಸೀಮೆಯ ತೊರೆಗಳಿಗೆ ಒಡ್ಡು ಹಾಕತೊಡಗಿದರು. ಗೋಧಿ ಬೀಸಲು, ಮರ ಕೊಯ್ಯಲು, ಕುಲುಮೆಯ ತಿದಿ ಊದಲು ನೀರಿನ ಚಕ್ರವೇ ಗತಿ. 1840ರ ಜನಗಣತಿಯಲ್ಲಿ ಪೂರ್ವ ಅಮೆರಿಕದ 65,000ಕ್ಕೂ ಹೆಚ್ಚು ಜಲಗಿರಣಿಗಳು ಲೆಕ್ಕಕ್ಕೆ ಸಿಕ್ಕಿದವು. ಒಡ್ಡುಗಳ ಎತ್ತರ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಮೀಟರ್, ಅಷ್ಟೇ. ಆದರೆ ಲ್ಯಾಂಕಾಸ್ಟರ್‌ನಂಥ ಕಡೆ ಅವು ಎಷ್ಟು ಒತ್ತಾಗಿದ್ದವೆಂದರೆ ಒಂದರ ಹಿನ್ನೀರು ಮುಗಿಯುತ್ತಿದ್ದಂತೆ ಮೇಲಿನ ಗಿರಣಿ ಎದುರಾಗುತ್ತಿತ್ತು. ಅದೇ ಕಾಲಕ್ಕೆ ಗುಡ್ಡಗಳ ಕಾಡು ಕಡಿದು ಉಳುಮೆಯೂ ನಡೆಯಿತು. ಮಳೆಗೆ ಕೊಚ್ಚಿಬಂದ ಮಣ್ಣೆಲ್ಲ ನಮ್ಮ ಕೆರೆಗಳಲ್ಲಿ ಹೂಳು ತುಂಬುವ ಹಾಗೆ ಈ ಕಟ್ಟೆಗಳಲ್ಲಿ ತುಂಬಿತು. ಆಮೇಲೆ ಹಬೆಯಂತ್ರ ಬಂತು, ವಿದ್ಯುತ್ ಬಂತು. ದಿಕ್ಕಿಲ್ಲದ ಒಡ್ಡುಗಳು ಒಂದೊಂದಾಗಿ ಒಡೆದವು. ನೀರು ಇಳಿಯಿತು, ಹೂಳು ಉಳಿಯಿತು. ತೊರೆ ಅದನ್ನು ಸೀಳಿಕೊಂಡು ತನ್ನ ಹಳೆಯ ತಳಕ್ಕೆ ಇಳಿಯಿತು.

ಸ್ವಾರಸ್ಯವಿರುವುದು ಮುಂದೆ. ಎತ್ತರದ ದಂಡೆಗಳ ನಡುವೆ ಅಂಕುಡೊಂಕಾಗಿ ಹರಿಯುವ ಇಂಥ ಒಂಟಿ ತೊರೆಯೇ ಸಹಜ ರೂಪವೆಂದು ನದಿವಿಜ್ಞಾನವೂ ಬಹುಕಾಲ ನಂಬಿತ್ತು. ಲ್ಯಾಂಕಾಸ್ಟರ್‌ನ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಕಾಲೇಜಿನ ರಾಬರ್ಟ್ ವಾಲ್ಟರ್ ಮತ್ತು ಡೊರೊಥಿ ಮೆರಿಟ್ಸ್ 2008ರಲ್ಲಿ ಆ ನಂಬಿಕೆಯನ್ನೇ ಅಲುಗಾಡಿಸಿದರು. ಹೂಳಿನ ಅಡಿಯಲ್ಲಿ ಅವರಿಗೆ ಸಿಕ್ಕಿದ್ದು ಜೌಗು ಗಿಡಗಳ ಬೀಜ ಹುದುಗಿದ ಕಪ್ಪು ಮಣ್ಣು. ಅಂದರೆ ವಲಸಿಗರು ಬರುವ ಮೊದಲು ಇಲ್ಲಿನ ಎಷ್ಟೋ ಕಣಿವೆಗಳಲ್ಲಿ ನೀರು ಜೌಗಿನ ನಡುವೆ ಹಲವು ಸಣ್ಣ ಕವಲುಗಳಾಗಿ ಹರಡಿಕೊಂಡು ಹರಿಯುತ್ತಿತ್ತು.

ಈಗ ಸಾಧಾರಣ ಪ್ರವಾಹಕ್ಕೆ ದಂಡೆ ಹತ್ತಿ ಹರಡಿಕೊಳ್ಳಲು ಆಗುವುದಿಲ್ಲ. ಅದರ ರಭಸವೆಲ್ಲ ದಂಡೆಯ ಬುಡಕ್ಕೇ ಬಡಿಯುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕರಗುವ ಮಣ್ಣು ಪುಡಿಪುಡಿಯಾಗಿ ಉದುರಿ, ರಂಜಕದ ಸಮೇತ ಚೆಸಪೀಕ್ ಕೊಲ್ಲಿ ಸೇರುತ್ತದೆ. ಕೊಲ್ಲಿ ಕೆಸರಾದದ್ದಕ್ಕೆ ಇಂದಿನ ರೈತರನ್ನಷ್ಟೇ ದೂರುವುದು ಅನ್ಯಾಯ. ಪುನಶ್ಚೇತನದ ಹೆಸರಿನಲ್ಲಿ ಅದೇ ಒಂಟಿ ತೊರೆಗೆ ಬಂಡೆ ಜೋಡಿಸಿ ತಿರುವು ಮಾಡಿಕೊಡುವುದಂತೂ ನನ್ನ ದೃಷ್ಟಿಯಲ್ಲಿ ಹಣದ ದಂಡ. ನಿಮ್ಮ ಕೌಂಟಿಯಲ್ಲೇ ಇರುವ ಬಿಗ್ ಸ್ಪ್ರಿಂಗ್ ರನ್ ಎಂಬ ತೊರೆಯಲ್ಲಿ 2011ರಲ್ಲಿ ಹೂಳನ್ನೇ ತೆಗೆದುಹಾಕಿದರು. ಜೌಗು ಮತ್ತೆ ಚಿಗುರಿತು.

ಆದರೂ ಪ್ರತಿ ತೊರೆಗೂ ಇದೇ ಕಥೆ ಅಂಟಿಸುವಂತಿಲ್ಲ. ನಿಮ್ಮ ದಂಡೆಯ ಮೇಲ್ಭಾಗದಲ್ಲಿ ಕಂದು ಬಣ್ಣದ ನುಣುಪು ಹೂಳು, ಅದರಡಿ ಕಪ್ಪು ಪದರ, ತಳದಲ್ಲಿ ಜಲ್ಲಿ ಕಂಡರೆ ಕೆಳಹರಿವಿನಲ್ಲಿ ಗಿರಣಿಯ ಒಡ್ಡು ಇದ್ದಿರಬಹುದು. 19ನೆಯ ಶತಮಾನದ ಕೌಂಟಿ ನಕ್ಷೆಗಳಲ್ಲಿ ಹುಡುಕಿ ನೋಡಿ. ದಂಡೆಯ ಬುಡದಲ್ಲಿ ನಿಂತು ಕೆದಕಬೇಡಿ, ಅದು ಕುಸಿಯುವಂಥದ್ದು.